ಛಾಯಾಚಿತ್ರದ ಒಕ್ಕಣೆ: ಜಾನಪದ ದಾಖಲೀಕರಣದಲ್ಲಿ ಚಿತ್ರಕಡತಗಳ ಒಳರಚನೆ ಮತ್ತು ಮೆಟಾಡೇಟಾ ಸಂಪಾದನೆ

ಜಾನಪದ ಕ್ಷೇತ್ರಕಾರ್ಯದಲ್ಲಿ ಛಾಯಾಚಿತ್ರಕ್ಕೆ ದೊರೆತಿರುವುದು ಬಹುಮಟ್ಟಿಗೆ ಅನುಬಂಧದ ಸ್ಥಾನ. ಹಾಡನ್ನು ಶ್ರದ್ಧೆಯಿಂದ ಲಿಪ್ಯಂತರಿಸಿ, ಪಾಠಾಂತರಗಳನ್ನು ಗುರುತಿಸಿ, ವಕ್ತೃವಿನ ಊರು, ವಯಸ್ಸು, ಕಸುಬುಗಳನ್ನೆಲ್ಲ ದಾಖಲಿಸುವ ಸಂಶೋಧಕರು ಕೂಡ ಚಿತ್ರದ ಕೆಳಗೆ 'ಕಂಸಾಳೆ ನೃತ್ಯ', 'ಗೊರವರ ಕುಣಿತ' ಎಂಬ ಎರಡು ಪದಗಳನ್ನು ಬರೆದು ಮುಂದೆ ಸಾಗುವುದುಂಟು. ಕಂಸಾಳೆ ಹಿಡಿದವನು ಯಾರು, ಅದು ಯಾವ ಅಮಾವಾಸ್ಯೆಯ ರಾತ್ರಿ, ಕುಣಿತ ಹರಕೆಯದೋ ಸರ್ಕಾರಿ ವೇದಿಕೆಯದೋ ಎಂಬ ಪ್ರಶ್ನೆಗಳಿಗೆ ಚಿತ್ರವು ತಾನಾಗಿ ಉತ್ತರ ಹೇಳಲಾರದು.

ಈ ಅಭ್ಯಾಸಕ್ಕೆ ದೀರ್ಘವಾದ ಹಿನ್ನೆಲೆಯಿದೆ. ವಸಾಹತು ಕಾಲದಲ್ಲಿ, 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ 'ದಿ ಪೀಪಲ್ ಆಫ್ ಇಂಡಿಯಾ', 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ಏಳು ಸಂಪುಟಗಳ 'ಕಾಸ್ಟ್ಸ್ ಅಂಡ್ ಟ್ರೈಬ್ಸ್ ಆಫ್ ಸದರ್ನ್ ಇಂಡಿಯಾ' ಇವುಗಳಲ್ಲಿನ ಚಿತ್ರಗಳಿಗೆ ಬಹುತೇಕ ಜಾತಿ ಅಥವಾ ಬುಡಕಟ್ಟಿನ ಹೆಸರೇ ಶೀರ್ಷಿಕೆ. ಕ್ಯಾಮೆರಾದ ಮುಂದೆ ನಿಂತ ಮನುಷ್ಯ ಒಂದು ಸಮುದಾಯದ ಮಾದರಿಯಾಗಿ ಉಳಿದನೇ ಹೊರತು ಹೆಸರುಳ್ಳ ವ್ಯಕ್ತಿಯಾಗಿ ಉಳಿಯಲಿಲ್ಲ. ಅಲನ್ ಡಂಡೆಸ್ ತಮ್ಮ 1964ರ ಪ್ರಬಂಧದಲ್ಲಿ ಬಂಧ, ಪಠ್ಯ, ಸಂದರ್ಭ ಎಂಬ ಮೂರು ಸ್ತರಗಳನ್ನು ಗುರುತಿಸಿದ ಮೇಲೆ ಸಂದರ್ಭವಿಲ್ಲದ ಪಠ್ಯವನ್ನು ನಾವು ಸಂದೇಹದಿಂದ ನೋಡಲು ಕಲಿತೆವು. ಆದರೆ ಸಂದರ್ಭವಿಲ್ಲದ ಚಿತ್ರವನ್ನು ಇಂದಿಗೂ ನಿಸ್ಸಂಕೋಚವಾಗಿ ಸ್ವೀಕರಿಸುತ್ತಿದ್ದೇವೆ.

ಮುದ್ರಿತ ಛಾಯಾಚಿತ್ರಕ್ಕೆ ಹಿಂಬದಿಯೊಂದಿತ್ತು. ಪೆನ್ಸಿಲಿನಲ್ಲಿ ನಾಲ್ಕು ಸಾಲು ಬರೆದಿಡಬಹುದಿತ್ತು. ಡಿಜಿಟಲ್ ಚಿತ್ರಕ್ಕೆ ಹಿಂಬದಿಯಿಲ್ಲವೆಂಬುದು ತಪ್ಪು ತಿಳಿವಳಿಕೆ. ಅದರ ಕಡತದೊಳಗೇ ಬರವಣಿಗೆಗೆಂದು ಮೀಸಲಾದ ಸ್ಥಳವಿದೆ. ಹಿಂಬದಿಗಿಂತ ಹೆಚ್ಚು ವಿಸ್ತಾರವಾದ, ಹೆಚ್ಚು ಕಟ್ಟುಪಾಡುಗಳುಳ್ಳ ಸ್ಥಳ. ಅದರ ರಚನೆ ಎಂತಹುದು, ಅಲ್ಲಿ ಕನ್ನಡದಲ್ಲಿ ಬರೆಯುವಾಗ ಏನಾಗುತ್ತದೆ, ಏನನ್ನು ಸೇರಿಸಬೇಕು, ಏನನ್ನು ಮುಟ್ಟಬಾರದು ಎಂಬುದನ್ನು ಜಾನಪದ ದಾಖಲೀಕರಣದ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಪಾದನೆ ಎಂಬ ಮಾತು

ಚಿತ್ರ ಸಂಪಾದನೆಯೆಂದರೆ ಬಣ್ಣ ತಿದ್ದುವುದು, ಅಂಚು ಕತ್ತರಿಸುವುದು ಎಂಬ ಅರ್ಥ ಇಂದು ರೂಢವಾಗಿದೆ. ಇಲ್ಲಿ ಆ ಪದವನ್ನು ಅದರ ಹಳೆಯ ಅರ್ಥದಲ್ಲಿ, ಗ್ರಂಥಸಂಪಾದನೆಯ ಅರ್ಥದಲ್ಲಿ, ಬಳಸಲಾಗಿದೆ. ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿದವರಿಗೆ ಇದರ ಶಿಸ್ತು ಪರಿಚಿತ. ಸಂಪಾದಕನು ಓಲೆಯನ್ನು ಕೆರೆದು ತಿದ್ದುವುದಿಲ್ಲ. ಲಿಪಿಕಾರನ ಸ್ಖಾಲಿತ್ಯವೆಂದು ಖಚಿತವಾಗಿ ಕಂಡದ್ದನ್ನೂ ಮೂಲದಲ್ಲಿ ಹಾಗೆಯೇ ಬಿಟ್ಟು, ತನ್ನ ಊಹೆಯನ್ನು ತನ್ನದೆಂದು ಗುರುತು ಮಾಡಿ ಬೇರೆಡೆ ಕೊಡುತ್ತಾನೆ. ಓಲೆಗ್ರಂಥದ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ಮಾಸ, ತಿಥಿ, ವಾರಗಳನ್ನೂ ಬರೆಸಿದವರ ಹೆಸರನ್ನೂ ಸೇರಿಸುತ್ತಿದ್ದ ಒಕ್ಕಣೆಯು ಕಾವ್ಯದ ಭಾಗವಲ್ಲ, ಆದರೆ ಗ್ರಂಥದ ಭಾಗ. ಅದೇ ಗರಿಗಳ ಮೇಲೆ ಬರೆದು, ಅದೇ ದಾರದಲ್ಲಿ ಪೋಣಿಸಿದ್ದರಿಂದಲೇ ಅದು ಕಾವ್ಯದೊಡನೆ ನಮ್ಮವರೆಗೆ ಬಂದಿತು. ಮೆಟಾಡೇಟಾ ಎಂಬುದು ಚಿತ್ರಕಡತದ ಒಕ್ಕಣೆ. ಅದನ್ನು ಬೇರೊಂದು ನೋಂದಣಿ ಪುಸ್ತಕದಲ್ಲಿ ಮಾತ್ರ ಇಟ್ಟರೆ ಪುಸ್ತಕ ಒಂದು ಕಡೆ, ಚಿತ್ರ ಇನ್ನೊಂದು ಕಡೆಯಾಗಲು ಒಂದು ವರ್ಗಾವಣೆ ಅಥವಾ ಒಂದು ನಿವೃತ್ತಿ ಸಾಕು.

ಕಡತದ ಒಳರಚನೆ

ಕ್ಷೇತ್ರಕಾರ್ಯದ ಚಿತ್ರಗಳಲ್ಲಿ ಹೆಚ್ಚಿನವು ಜೆಪೆಗ್ ರೂಪದಲ್ಲಿರುವುದರಿಂದ ಅದನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1992ರಲ್ಲಿ ಮಾನಕವಾಗಿ ರೂಪುಗೊಂಡ ಈ ಕಡತವು ಎರಡು ಬೈಟುಗಳ ಒಂದು ಗುರುತಿನಿಂದ ಆರಂಭವಾಗಿ ಎರಡು ಬೈಟುಗಳ ಇನ್ನೊಂದು ಗುರುತಿನಿಂದ ಮುಗಿಯುತ್ತದೆ; ಹದಿನಾರರ ಮೂಲಾಂಕದಲ್ಲಿ ಬರೆದರೆ ಮೊದಲನೆಯದು 'ಎಫ್‌ಎಫ್ ಡಿ8', ಕೊನೆಯದು 'ಎಫ್‌ಎಫ್ ಡಿ9'. ಇವೆರಡರ ನಡುವೆ ಖಂಡಗಳು ಸಾಲಾಗಿ ಬರುತ್ತವೆ. ಪ್ರತಿ ಖಂಡಕ್ಕೂ ಅದರ ಜಾತಿಯನ್ನು ಹೇಳುವ ಗುರುತು, ಅನಂತರ ಅದರ ಉದ್ದವನ್ನು ಹೇಳುವ ಎರಡು ಬೈಟುಗಳು, ಆಮೇಲೆ ಒಳಗಿನ ವಿಷಯ. ಉದ್ದವನ್ನು ಹೇಳಲು ಎರಡೇ ಬೈಟುಗಳಿರುವುದರಿಂದ ಒಂದು ಖಂಡವು 65,535ಕ್ಕಿಂತ ಹೆಚ್ಚಿನ ಉದ್ದವನ್ನು ಹೇಳಿಕೊಳ್ಳಲಾರದು.

ಈ ಖಂಡಗಳಲ್ಲಿ ಕೆಲವು ಚಿತ್ರವನ್ನು ಬಿಡಿಸಿ ತೋರಿಸಲು ಅಗತ್ಯವಾದ ಕೋಷ್ಟಕಗಳು. 'ಅನ್ವಯ ಖಂಡ'ಗಳೆಂದು ಕರೆಯಬಹುದಾದ ಹದಿನಾರು ಬಗೆಯವು ಬರವಣಿಗೆಗೆ ಮೀಸಲು. ಸೊನ್ನೆಯಿಂದ ಎಣಿಸಿದರೆ, 1ನೆಯ ಅನ್ವಯ ಖಂಡದಲ್ಲಿ ಕ್ಯಾಮೆರಾ ತಾನಾಗಿ ಬರೆಯುವ ಎಕ್ಸಿಫ್ ವಿವರಗಳಿರುತ್ತವೆ. ಅದೇ ಗುರುತಿನ ಇನ್ನೊಂದು ಖಂಡದಲ್ಲಿ ಎಕ್ಸ್‌ಎಂಪಿ ಎಂಬ ಹೊಸ ಪದ್ಧತಿಯ ವಿವರಗಳಿರಬಹುದು. 13ನೆಯದರಲ್ಲಿ ಪತ್ರಿಕಾ ಸಂಸ್ಥೆಗಳಿಗಾಗಿ ರೂಪಿತವಾದ ಐಪಿಟಿಸಿ ವಿವರಗಳಿರುತ್ತವೆ. ಇವೆಲ್ಲ ಮುಗಿದ ಬಳಿಕ ಸಂಕುಚಿತವಾದ ಚಿತ್ರ ಬರುತ್ತದೆ. ಆದ್ದರಿಂದ ಮುಂದಿನ ಖಂಡಗಳನ್ನು ಸೇರಿಸಿದರೂ ತೆಗೆದರೂ ಹಿಂದಿನ ಚಿತ್ರದ ಒಂದು ಬೈಟೂ ಬದಲಾಗಬೇಕಾಗಿಲ್ಲ. ಇದನ್ನು ಒತ್ತಿ ಹೇಳುವ ಕಾರಣವಿದೆ. ಚಿತ್ರವನ್ನು ಸಾಮಾನ್ಯ ತಂತ್ರಾಂಶದಲ್ಲಿ ತೆರೆದು, ವಿವರ ಸೇರಿಸಿ, ಮತ್ತೆ 'ಸೇವ್' ಮಾಡಿದಾಗ ಅನೇಕ ವೇಳೆ ಚಿತ್ರವೇ ಮರುಸಂಕುಚಿತಗೊಂಡು ಗುಣ ಕಳೆದುಕೊಳ್ಳುತ್ತದೆ. ಖಂಡಗಳನ್ನು ಮಾತ್ರ ತಿದ್ದುವ ಸಾಧನ ಬೇರೆ, ಚಿತ್ರವನ್ನು ಮತ್ತೆ ಬರೆಯುವ ಸಾಧನ ಬೇರೆ. ಅಡ್ಡಲಾಗಿ ಬಿದ್ದ ಚಿತ್ರವನ್ನು ನೆಟ್ಟಗೆ ನಿಲ್ಲಿಸುವುದಕ್ಕೂ ಚಿತ್ರವನ್ನು ತಿರುಗಿಸಬೇಕಿಲ್ಲ. ಎಕ್ಸಿಫ್‌ನಲ್ಲಿ 1ರಿಂದ 8ರವರೆಗಿನ ದಿಕ್ಸೂಚಕ ಅಂಕೆಯೊಂದನ್ನು ಬದಲಿಸಿದರೆ ಸಾಕಾಗುತ್ತದೆ.

ಎಕ್ಸಿಫ್ ಖಂಡದ ಒಳಗಡೆ ಇನ್ನೊಂದು ಪುಟ್ಟ ಕಡತವೇ ಅಡಗಿದೆ. ಅದರ ರಚನೆ ಟಿಫ್ ಕಡತದ್ದು. ಆರಂಭದಲ್ಲಿ ಬೈಟುಗಳನ್ನು ಎಡದಿಂದ ಓದಬೇಕೋ ಬಲದಿಂದ ಓದಬೇಕೋ ಎಂಬ ಸೂಚನೆ, ಆಮೇಲೆ 42 ಎಂಬ ಸಂಖ್ಯೆ, ಅನಂತರ ಒಂದು ಸೂಚಿ. ಸೂಚಿಯ ಪ್ರತಿ ನಮೂದೂ ಸರಿಯಾಗಿ 12 ಬೈಟು: ವಿಷಯದ ಸಂಖ್ಯೆಗೆ 2, ಅದರ ಜಾತಿಗೆ 2, ಪರಿಮಾಣಕ್ಕೆ 4, ಬೆಲೆಗೆ 4. ಬೆಲೆಯು ನಾಲ್ಕು ಬೈಟುಗಳಲ್ಲಿ ಹಿಡಿಸದಿದ್ದರೆ ಅದು ಎಲ್ಲಿದೆ ಎಂಬ ಸ್ಥಾನಸಂಖ್ಯೆಯನ್ನು ಮಾತ್ರ ಬರೆಯಲಾಗುತ್ತದೆ. ಗ್ರಂಥದ ಕೊನೆಯ ಪದಸೂಚಿಯಲ್ಲಿ '212ನೆಯ ಪುಟ ನೋಡಿ' ಎಂದಿರುವಂತೆ. ನಡುವೆ ಒಂದು ಪುಟ ಸೇರಿಸಿದರೆ ಸೂಚಿಯೆಲ್ಲವೂ ತಪ್ಪುತ್ತದೆಯಷ್ಟೆ. ಒಳ್ಳೆಯ ಸಾಧನಗಳು ಸೂಚಿಯನ್ನು ಮತ್ತೆ ಎಣಿಸಿ ಬರೆಯುತ್ತವೆ. ಆದರೆ ಕ್ಯಾಮೆರಾ ತಯಾರಕರು ತಮ್ಮ ಗುಟ್ಟಿನ ವಿವರಗಳನ್ನಿಡುವ 'ಮೇಕರ್‌ನೋಟ್' ಎಂಬ ಭಾಗಕ್ಕೆ ಸಾರ್ವಜನಿಕವಾದ ವ್ಯಾಕರಣವಿಲ್ಲ. ಅದನ್ನರಿಯದ ಸಾಧನವು ಆ ಭಾಗವನ್ನು ಅತ್ತಿತ್ತ ಸರಿಸಿದರೆ ಒಳಗಿನ ಸ್ಥಾನಸಂಖ್ಯೆಗಳು ಹಳೆಯವಾಗಿಯೇ ಉಳಿದು ವಿವರಗಳು ಓದಲಾಗದಂತಾಗುತ್ತವೆ.

ಕನ್ನಡ ಅಕ್ಷರಗಳ ಪಾಡು

ಎಕ್ಸಿಫ್ ಮಾನಕವನ್ನು 1990ರ ದಶಕದ ಮಧ್ಯಭಾಗದಲ್ಲಿ ರೂಪಿಸಿದವರು ಜಪಾನಿನ ಉದ್ಯಮಿಗಳು. ಚಿತ್ರದ ವಿವರಣೆ, ಛಾಯಾಗ್ರಾಹಕನ ಹೆಸರು, ಹಕ್ಕುಸ್ವಾಮ್ಯ ಎಂಬ ಮೂರು ಮುಖ್ಯ ಸ್ಥಾನಗಳಿಗೂ ಅವರು ಒಪ್ಪಿದ್ದು ಆಸ್ಕಿ ಅಕ್ಷರಗಳನ್ನು ಮಾತ್ರ. ಎಂದರೆ ರೋಮನ್ ಅಕ್ಷರ, ಅಂಕೆ, ಕೆಲವು ಚಿಹ್ನೆಗಳು. ಬಳಕೆದಾರನ ಟಿಪ್ಪಣಿಯೆಂಬ ಸ್ಥಾನಕ್ಕೆ ಮಾತ್ರ ಮೊದಲ ಎಂಟು ಬೈಟುಗಳಲ್ಲಿ ಲಿಪಿಸಂಕೇತವನ್ನು ಹೇಳಿ, ಅಲ್ಲಿ ಜಪಾನಿ ಸಂಕೇತವನ್ನೋ ಯೂನಿಕೋಡನ್ನೋ ಬಳಸಲು ಅವಕಾಶವಿತ್ತರು. ತಮ್ಮದೇ ಮಾನಕದಲ್ಲಿ ತಮ್ಮ ಭಾಷೆಗೆ ಅವರು ಬಿಟ್ಟುಕೊಂಡದ್ದು ಟಿಪ್ಪಣಿಯ ಮೂಲೆಯನ್ನಷ್ಟೇ ಎಂಬುದು ಸ್ವಾರಸ್ಯಕರ. 2023ರ 3.0 ಆವೃತ್ತಿಯಲ್ಲಿ ಯುಟಿಎಫ್-8 ಸಂಕೇತಕ್ಕೆ ಪ್ರವೇಶ ದೊರೆತಿದೆಯಾದರೂ ಅದಕ್ಕೂ ಹಿಂದಿನ ಸಾಧನಗಳು ಈ ಹೊಸ ಜಾತಿಯನ್ನು ಗುರುತಿಸುತ್ತವೆಂದು ನಂಬಿ ಕೂರುವಂತಿಲ್ಲ.

ಐಪಿಟಿಸಿಯ ಹಳೆಯ ಪದ್ಧತಿಯಲ್ಲಿ ತೊಡಕು ಬೇರೆಯದು. ಅಲ್ಲಿ ಯುಟಿಎಫ್-8 ಬಳಸುತ್ತಿದ್ದೇವೆಂದು ಘೋಷಿಸುವ ವ್ಯವಸ್ಥೆಯುಂಟು. ಆದರೆ ಪ್ರತಿ ಸ್ಥಾನಕ್ಕೂ ಉದ್ದದ ಮಿತಿಯನ್ನು ಬೈಟುಗಳಲ್ಲಿ ಗೊತ್ತುಪಡಿಸಲಾಗಿದೆ. ಊರಿನ ಹೆಸರಿಗೆ 32 ಬೈಟು, ಛಾಯಾಗ್ರಾಹಕನ ಹೆಸರಿಗೆ 32, ಶೀರ್ಷಿಕೆಗೆ 64, ವಿವರಣೆಗೆ 2000. ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೇಕು. ಸ್ವರಚಿಹ್ನೆಯೂ ಒಂದು ಸಂಕೇತ, ಒತ್ತಕ್ಷರದ ಹಿಂದಿರುವ ವಿರಾಮವೂ ಒಂದು ಸಂಕೇತ. 'ಸ್ತ್ರೀ' ಎಂಬ ಒಂದೇ ಅಕ್ಷರವು ಆರು ಸಂಕೇತಗಳಾಗಿ 18 ಬೈಟುಗಳನ್ನು ಆಕ್ರಮಿಸುತ್ತದೆ. ಶ್ರವಣಬೆಳಗೊಳವೆಂಬ ಹೆಸರನ್ನು ನೋಡೋಣ. ಓದುಗನಿಗೆ ಕಾಣುವುದು ಏಳು ಅಕ್ಷರ. ಯಂತ್ರಕ್ಕೆ ಹನ್ನೊಂದು ಸಂಕೇತ, 33 ಬೈಟು. ಮಿತಿಗಿಂತ ಒಂದೇ ಒಂದು ಬೈಟು ಹೆಚ್ಚು! ಮಿತಿಯನ್ನು ಕಟ್ಟುನಿಟ್ಟಾಗಿ ಪಾಲಿಸುವ ತಂತ್ರಾಂಶವು ಕೊನೆಯ 'ಳ'ಕಾರವನ್ನು ನಡುವೆ ಕತ್ತರಿಸಿ, ಅದರ ಜಾಗದಲ್ಲಿ ಪ್ರಶ್ನಾರ್ಥಕದ ಚೌಕವೊಂದನ್ನು ಉಳಿಸಬಹುದು. ಇದೇ ಹೆಸರು ರೋಮನ್ ಲಿಪಿಯಲ್ಲಿ 16 ಬೈಟುಗಳಲ್ಲಿ ಮುಗಿಯುತ್ತದೆ. 'ಮಲೆ ಮಹದೇಶ್ವರ ಬೆಟ್ಟ'ಕ್ಕಂತೂ 50 ಬೈಟು ಬೇಕು. ವಿವರಣೆಯ 2000 ಬೈಟುಗಳಲ್ಲಿ ಕನ್ನಡದ 666 ಸಂಕೇತಗಳು ಹಿಡಿಸುತ್ತವೆ, ಎಂದರೆ ಸುಮಾರು 70-80 ಪದಗಳು. ಇಂದಿನ ಅನೇಕ ತಂತ್ರಾಂಶಗಳು ಈ ಮಿತಿಯನ್ನು ಉಪೇಕ್ಷಿಸುತ್ತವೆ. ಆದರೆ ಮುಂದೆ ಚಿತ್ರವು ಯಾರ ಯಾವ ತಂತ್ರಾಂಶದ ಮೂಲಕ ಹಾದುಹೋಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ.

ಯೂನಿಕೋಡಿಗೆ ಮುಂಚಿನ ಬರಹಗಳ ಸ್ಥಿತಿ ಇನ್ನೂ ಶೋಚನೀಯ. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಕನ್ನಡದ ಆಕೃತಿಗಳು ರೋಮನ್ ಸಂಕೇತಗಳ ಮೇಲೆ ಕುಳಿತಿರುತ್ತಿದ್ದವು. ಮೆಟಾಡೇಟಾದೊಳಗೆ ಅಕ್ಷರವಿನ್ಯಾಸಕ್ಕೆ ಎಡೆಯಿಲ್ಲ. ಸಂಕೇತಗಳು ಮಾತ್ರ ಉಳಿಯುತ್ತವೆ. ಆ ಕಾಲದಲ್ಲಿ ಶ್ರಮವಹಿಸಿ ಬರೆದಿಟ್ಟ ಶೀರ್ಷಿಕೆಗಳು ಈಗ ರೋಮನ್ ಅಕ್ಷರಗಳ ಅರ್ಥಹೀನ ಸರಮಾಲೆಯಾಗಿ ಕಾಣುವುದು ಇದರಿಂದಲೇ. ಇವನ್ನು ಕಸವೆಂದು ಭಾವಿಸಿ ಅಳಿಸುವ ಗ್ರಂಥಾಲಯ ಸಿಬ್ಬಂದಿ ಒಮ್ಮೆ ಪರಿವರ್ತಕದಲ್ಲಿ ಹಾಕಿ ನೋಡಬೇಕು. ಹಾಡುಗಾರ್ತಿಯೊಬ್ಬಳ ಹೆಸರು ಅಲ್ಲಿ ಅಡಗಿರಬಹುದು.

ಈ ತೊಡಕುಗಳಿಂದ ಬಹುಮಟ್ಟಿಗೆ ಪಾರಾಗುವ ಮಾರ್ಗ ಎಕ್ಸ್‌ಎಂಪಿ. ಅಡೋಬ್ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಈ ಪದ್ಧತಿ 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಇದು ಎಕ್ಸ್‌ಎಂಎಲ್ ರೂಪದ ಪಠ್ಯವಾಗಿದ್ದು ಯೂನಿಕೋಡನ್ನು ಸಹಜವಾಗಿ ಒಪ್ಪುತ್ತದೆ. ಊರಿನ ಹೆಸರಿಗೆ ಇಷ್ಟೇ ಬೈಟು ಎಂಬ ಕಟ್ಟಳೆಯಿಲ್ಲ. ನಮ್ಮ ಶಿಸ್ತಿಗೆ ಇನ್ನೂ ಬೆಲೆಯುಳ್ಳ ಗುಣವೊಂದು ಇದರಲ್ಲಿದೆ: ಒಂದೇ ವಿವರಣೆಯನ್ನು ಹಲವು ಭಾಷೆಗಳಲ್ಲಿ, ಪ್ರತಿಯೊಂದಕ್ಕೂ ಭಾಷಾಸಂಕೇತವನ್ನು ಲಗತ್ತಿಸಿ, ಒಟ್ಟಿಗೆ ಇಡಬಹುದು. ಕನ್ನಡಕ್ಕೆ 'ಕೆಎನ್', ತುಳುವಿಗೆ 'ಟಿಸಿವೈ', ಕೊಡವಕ್ಕೆ 'ಕೆಎಫ್ಎ'. ಭೂತಾರಾಧನೆಯ ಚಿತ್ರಕ್ಕೆ ಪಾತ್ರಿ ಹೇಳಿದ ತುಳು ಪರಿಭಾಷೆಯನ್ನು ತುಳುವಿನಲ್ಲಿಯೇ ಬರೆದು, ಅದರ ಪಕ್ಕದಲ್ಲಿ ಕನ್ನಡದ ವಿವರಣೆಯನ್ನಿಟ್ಟರೆ ಮೂಲ ಪದವು ಅನುವಾದದಡಿಯಲ್ಲಿ ಹೂತುಹೋಗುವುದಿಲ್ಲ. ಸದ್ಯದ ಮಟ್ಟಿಗೆ ಪೂರ್ಣ ವಿವರಣೆಯನ್ನು ಎಕ್ಸ್‌ಎಂಪಿಯಲ್ಲಿ ಕನ್ನಡದಲ್ಲಿಯೂ, ಅದರ ಸಂಕ್ಷೇಪವನ್ನು ಎಕ್ಸಿಫ್‌ನಲ್ಲಿ ರೋಮನ್ ಲಿಪ್ಯಂತರದಲ್ಲಿಯೂ ಕೊಡುವುದು ಯುಕ್ತವೆಂದು ನನ್ನ ಅಭಿಪ್ರಾಯ.

ಯಾರು, ಎಂದು, ಎಲ್ಲಿ

ಕೆಲವು ಕ್ಯಾಮೆರಾಗಳು ಚಿತ್ರದ ವಿವರಣೆಯ ಸ್ಥಾನದಲ್ಲಿ ತಮ್ಮ ಕಂಪನಿಯ ಹೆಸರನ್ನೇ ತುಂಬಿಬಿಡುತ್ತವೆ. ಛಾಯಾಗ್ರಾಹಕನ ಸ್ಥಾನದಲ್ಲಿ ಕ್ಯಾಮೆರಾ ಯಾರ ಹೆಸರಿಗೆ ಹೊಂದಿಸಲ್ಪಟ್ಟಿದೆಯೋ ಅವರ ಹೆಸರು ಬರುತ್ತದೆ. ಹೀಗೆ ಯಂತ್ರದ ಹೆಸರಿದೆ, ಯಂತ್ರ ಹಿಡಿದವನ ಹೆಸರಿದೆ; ಕಲಾವಿದನ ಹೆಸರು ಮಾತ್ರ ಯಾರಾದರೂ ಬರೆದ ಹೊರತು ಬಾರದು. ಐಪಿಟಿಸಿಯ ಪರಿಭಾಷೆಯಲ್ಲಿ ಸೃಷ್ಟಿಕರ್ತನೆಂದರೆ ಛಾಯಾಗ್ರಾಹಕನೇ. ಕಾವ್ಯವನ್ನು ಬಾಯಿಪಾಠವಾಗಿ ಹೊತ್ತು ತಂದ ನೀಲಗಾರನಿಗೆ ಅಲ್ಲಿರುವ ಸ್ಥಾನ, 2008ರ ವಿಸ್ತರಣೆಯಲ್ಲಿ ಸೇರಿದ 'ಚಿತ್ರದಲ್ಲಿರುವ ವ್ಯಕ್ತಿ' ಎಂಬುದು. ಈ ವರ್ಗೀಕರಣ ಪತ್ರಿಕೋದ್ಯಮಕ್ಕೆ ಹೊಂದುವಂತಹುದು, ಜಾನಪದಕ್ಕಲ್ಲ. ಆದರೂ ಆ ಸ್ಥಾನವನ್ನು ಖಾಲಿ ಬಿಡಬಾರದು. ವಿವರಣೆಯಲ್ಲಿ ಕಲಾವಿದರ ಹೆಸರು, ಮೇಳದಲ್ಲಿ ಅವರ ಪಾತ್ರ, ಯಾರಿಂದ ಕಲಿತರು ಎಂಬುದನ್ನು ಬಿಡಿಸಿ ಬರೆಯಬೇಕು. ಹೆಸರಿನ ಬದಲು ಜಾತಿಯನ್ನಷ್ಟೇ ನಮೂದಿಸಿದರೆ ನಾವು 1909ರಲ್ಲಿಯೇ ನಿಂತಿದ್ದೇವೆ ಎಂದರ್ಥ.

ಕಾಲದ ವಿಷಯ ಹೆಚ್ಚು ಜಟಿಲ. ಎಕ್ಸಿಫ್ ಕಾಲವನ್ನು ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡುಗಳ ಸ್ಥಿರವಾದ ಅಚ್ಚಿನಲ್ಲಿ ಬರೆಯುತ್ತದೆ. ಕಾಲವಲಯವನ್ನು ಹೇಳುವ ಸ್ಥಾನಗಳು 2016ರ ಆವೃತ್ತಿಯಲ್ಲಷ್ಟೇ ಸೇರಿದವು. ಅದಕ್ಕೆ ಮುಂಚೆ ಹೊರದೇಶದ ಯಕ್ಷಗಾನ ಪ್ರದರ್ಶನವೊಂದನ್ನು ಭಾರತದ ಸಮಯಕ್ಕೆ ಹೊಂದಿಸಿದ ಕ್ಯಾಮೆರಾದಲ್ಲಿ ತೆಗೆದಿದ್ದರೆ ಅದನ್ನು ಚಿತ್ರದಿಂದ ತಿಳಿಯಲು ಸಾಧ್ಯವಿಲ್ಲ. ಅಹೋರಾತ್ರಿ ನಡೆಯುವ ಕಥಾಗಾಯನದಲ್ಲಿ ಮಧ್ಯರಾತ್ರಿ ಕಳೆದೊಡನೆ ಯಂತ್ರದ ದಿನಾಂಕ ಬದಲಾಗುತ್ತದೆ. ಹಾಡುವವರಿಗಾದರೋ ಅದು ಬೆಳಗಾಗುವವರೆಗೆ ಒಂದೇ ರಾತ್ರಿ. ಒಂದೇ ಪ್ರದರ್ಶನದ ಚಿತ್ರಗಳು ಎರಡು ದಿನಾಂಕಗಳಾಗಿ ಒಡೆದು, ಕಾಲಾನುಕ್ರಮದ ಸೂಚಿಯಲ್ಲಿ ಎರಡು ಪ್ರದರ್ಶನಗಳಂತೆ ತೋರುವ ಅಪಾಯವಿದೆ. ಯಂತ್ರದ ದಿನಾಂಕವನ್ನು 'ಸರಿಪಡಿಸಿ' ಎಲ್ಲವನ್ನೂ ಒಂದೇ ದಿನಕ್ಕೆ ತರುವ ಆಸೆ ಇಲ್ಲಿ ಸಹಜ. ಅದು ಸಲ್ಲದು. ಯಂತ್ರ ಹೇಳಿದ್ದು ಯಂತ್ರದ ಸಾಕ್ಷ್ಯ. ಕಥೆಯ ಯಾವ ಸಾಲಿನ ಬಳಿಕ ಯಾವುದು ಬಂದಿತೆಂಬುದನ್ನು ನಾಳೆ ಧ್ವನಿಮುದ್ರಣದೊಡನೆ ಹೊಂದಿಸಿ ನೋಡಲು ಆ ನಿಮಿಷ, ಸೆಕೆಂಡುಗಳೇ ಆಧಾರ. ಮಾಸ, ಪಕ್ಷ, ತಿಥಿ, ಜಾತ್ರೆಯ ಎಷ್ಟನೆಯ ರಾತ್ರಿ ಎಂಬುದನ್ನು ವಿವರಣೆಯಲ್ಲಿ ಸೇರಿಸಬೇಕು. ಗಡಿಯಾರವೇ ತಪ್ಪಾಗಿದ್ದು, ವ್ಯತ್ಯಾಸ ಖಚಿತವಾಗಿ ತಿಳಿದಿದ್ದರೆ, ಎಲ್ಲ ಚಿತ್ರಗಳನ್ನೂ ಒಂದೇ ಪ್ರಮಾಣದಲ್ಲಿ ಸರಿಸಿ, ಎಷ್ಟು ಸರಿಸಲಾಯಿತೆಂಬುದನ್ನು ಕಡತದಲ್ಲಿಯೇ ಬರೆದಿಡಬೇಕು.

ಹಳೆಯ ಮುದ್ರಿತ ಚಿತ್ರಗಳನ್ನು ಸ್ಕ್ಯಾನ್ ಮಾಡಿದಾಗ ಸ್ಕ್ಯಾನ್ ಮಾಡಿದ ದಿನವೇ ಚಿತ್ರದ ದಿನವಾಗಿ ಕುಳಿತುಬಿಡುವುದುಂಟು. ಚಿತ್ರ ತೆಗೆದ ಕಾಲ, ಅದನ್ನು ಡಿಜಿಟಲ್ ರೂಪಕ್ಕೆ ತಂದ ಕಾಲ ಎಂದು ಎಕ್ಸಿಫ್‌ನಲ್ಲಿ ಎರಡು ಪ್ರತ್ಯೇಕ ಸ್ಥಾನಗಳಿವೆ. ಆದರೆ ಎಕ್ಸಿಫ್‌ನ ಅಚ್ಚಿನಲ್ಲಿ '1968' ಎಂದಷ್ಟೇ ಹೇಳಲು ಬಾರದು. ಜನವರಿ ಒಂದನೆಯ ತಾರೀಖೆಂದು ಸುಳ್ಳು ಹೇಳಬೇಕಾಗುತ್ತದೆ. ಎಕ್ಸ್‌ಎಂಪಿಯಲ್ಲಿ ವರ್ಷವನ್ನಷ್ಟೇ ಬರೆಯಬಹುದು. ತಿಳಿದಷ್ಟನ್ನೇ ಹೇಳಬಲ್ಲ ಸ್ಥಾನವನ್ನು ಆರಿಸಿಕೊಳ್ಳುವುದೂ ಸಂಪಾದಕನ ವಿವೇಕಕ್ಕೆ ಸೇರಿದ್ದು.

ಅಳಿಸಬೇಕಾದದ್ದು

ಇಲ್ಲಿಯವರೆಗೆ ಸೇರಿಸುವ ಮಾತಾಯಿತು. ಅಳಿಸಬೇಕಾದ ಸಂದರ್ಭಗಳೂ ಇವೆ. ಅವು ಸಂರಕ್ಷಣೆಯ ಪ್ರತಿಗಲ್ಲ, ಹೊರಗೆ ಹೋಗುವ ಪ್ರತಿಗೆ ಸಂಬಂಧಿಸಿದವು.

ಮೊಬೈಲ್ ಫೋನುಗಳು ಅಕ್ಷಾಂಶ ರೇಖಾಂಶಗಳನ್ನು ಚಿತ್ರದೊಳಗೆ ಬರೆಯುತ್ತವೆ. ಸಂಶೋಧಕನಿಗೆ ಇದು ವರ. ಆದರೆ ಕೊಡಗಿನ ದೇವರಕಾಡಿನ ಒಳಗಿನ ನೆಲೆ, ಕಾವಲಿಲ್ಲದ ಗುಡಿಯಲ್ಲಿರುವ ಲೋಹದ ಮುಖವಾಡ, ಇವುಗಳ ನಿಖರವಾದ ಸ್ಥಾನವನ್ನು ಜಗತ್ತಿಗೆ ಸಾರುವ ಅಧಿಕಾರ ನಮಗೆ ಯಾರು ಕೊಟ್ಟರು? ಪುರಾತನ ವಸ್ತುಗಳ ಕಳ್ಳಮಾರುಕಟ್ಟೆ ಇರುವವರೆಗೆ ಪ್ರಕಟಣೆಯ ಪ್ರತಿಯಲ್ಲಿ ಊರಿನ ಅಥವಾ ತಾಲ್ಲೂಕಿನ ಹೆಸರಿಗೆ ನಿಲ್ಲುವುದು ಲೇಸು.

ಇದಕ್ಕಿಂತ ಸೂಕ್ಷ್ಮವಾದದ್ದು ಕಿರುಚಿತ್ರದ ಪ್ರಶ್ನೆ. ಎಕ್ಸಿಫ್ ಖಂಡದ ಎರಡನೆಯ ಸೂಚಿಯಲ್ಲಿ ಸಾಮಾನ್ಯವಾಗಿ 160×120 ಅಳತೆಯ ಕಿರುಚಿತ್ರವೊಂದು ಅಡಗಿರುತ್ತದೆ. ಹೆಂಗಸರೇ ನಡೆಸುವ ಆಚರಣೆಯೊಂದರ ಚಿತ್ರದಲ್ಲಿ ತನ್ನ ಮುಖ ಬೇಡವೆಂದು ಒಬ್ಬಾಕೆ ಹೇಳಿದ್ದಾಳೆನ್ನೋಣ. ಸಂಶೋಧಕನು ಆ ಭಾಗವನ್ನು ಕತ್ತರಿಸಿ ಚಿತ್ರವನ್ನು ಪ್ರಕಟಿಸುತ್ತಾನೆ. ಬಳಸಿದ ತಂತ್ರಾಂಶ ಕಿರುಚಿತ್ರವನ್ನು ಹೊಸದಾಗಿ ರಚಿಸದಿದ್ದರೆ, ಕತ್ತರಿಸುವ ಮುಂಚಿನ ಇಡೀ ದೃಶ್ಯ, ಆಕೆಯ ಮುಖಸಹಿತವಾಗಿ, ಕಡತದ ಒಳಗೆ ಹಾಗೆಯೇ ಉಳಿದಿರುತ್ತದೆ. ಸಂಶೋಧಕನು ಕೊಟ್ಟ ಮಾತು ಅವನಿಗೆ ಗೊತ್ತಿಲ್ಲದಂತೆ ಮುರಿದುಬೀಳುತ್ತದೆ. ಪ್ರಕಟಣೆಯ ಪ್ರತಿಯಿಂದ ಕಿರುಚಿತ್ರವನ್ನು ತೆಗೆದುಹಾಕುವುದನ್ನು ಈ ಕಾರಣದಿಂದ ನಿಯಮವನ್ನಾಗಿಯೇ ಮಾಡಿಕೊಳ್ಳಬೇಕು.

ಒಪ್ಪಿಗೆಯ ಷರತ್ತುಗಳನ್ನು ಮಾತ್ರ ಎರಡೂ ಪ್ರತಿಗಳಲ್ಲಿ ಬರೆಯಬೇಕು. ಬಳಕೆಯ ಹಕ್ಕನ್ನು ವಿವರಿಸುವ ಸ್ಥಾನ ಎಕ್ಸ್‌ಎಂಪಿಯಲ್ಲಿದೆ. ಆಸ್ಟ್ರೇಲಿಯಾದ ವರುಮುಂಗು ಸಮುದಾಯದೊಡನೆ ರೂಪುಗೊಂಡ 'ಮುಕುರ್ತು' ಎಂಬ ದಾಖಲಾಗಾರ ವ್ಯವಸ್ಥೆಯಲ್ಲಿ ಯಾವ ಚಿತ್ರವನ್ನು ಯಾರು ನೋಡಬಹುದೆಂಬುದನ್ನು ಸಮುದಾಯವೇ ನಿರ್ಧರಿಸುತ್ತದೆ. ನಮ್ಮ ಸಂಸ್ಥೆಗಳು ಇದನ್ನು ಪರಿಶೀಲಿಸುವುದು ಉಪಯುಕ್ತ.

ಕಾರ್ಯವಿಧಾನ

ಸಾಧನಗಳಲ್ಲಿ ಫಿಲ್ ಹಾರ್ವೆ 2003ರಿಂದ ಬೆಳೆಸಿಕೊಂಡು ಬಂದಿರುವ 'ಎಕ್ಸಿಫ್‌ಟೂಲ್' ಉಚಿತವಾಗಿ ದೊರೆಯುವಂತಹುದು ಮತ್ತು ಚಿತ್ರವನ್ನು ಮರುಸಂಕುಚಿತಗೊಳಿಸದೆ ಖಂಡಗಳನ್ನಷ್ಟೇ ತಿದ್ದುತ್ತದೆ. ಎಷ್ಟೋ ಮೇಕರ್‌ನೋಟ್‌ಗಳ ವ್ಯಾಕರಣವನ್ನೂ ಬಲ್ಲದು. ಆದೇಶಗಳನ್ನು ಟೈಪು ಮಾಡಬೇಕಾದ್ದರಿಂದ ಆರಂಭದಲ್ಲಿ ಅಳುಕು ಹುಟ್ಟಿಸಬಹುದು. ತಿದ್ದುವ ಮುಂಚಿನ ಕಡತವನ್ನು ಅದು ತಾನಾಗಿ ಬೇರೆ ಹೆಸರಿನಲ್ಲಿ ಉಳಿಸಿಕೊಡುತ್ತದೆ. ಜಾಗ ಉಳಿಸಲೆಂದು ಆ ಸೌಲಭ್ಯವನ್ನು ರದ್ದುಪಡಿಸುವುದು, ಅದೂ ಸಾವಿರಾರು ಚಿತ್ರಗಳನ್ನು ಒಟ್ಟಿಗೆ ತಿದ್ದುವಾಗ, ಓಲೆಗಳನ್ನು ನಕಲು ಮಾಡಿಕೊಂಡು ಹೊಳೆಗೆ ಬಿಟ್ಟಂತೆ.

ಕ್ಯಾಮೆರಾದಿಂದ ಬಂದ ಕಡತವನ್ನು ಮುಟ್ಟದೆ ಪ್ರತ್ಯೇಕವಾಗಿಟ್ಟು, ಅದರ ಪರಿಶೀಲನಾಂಕವನ್ನು ಮೊದಲು ದಾಖಲಿಸಿಕೊಳ್ಳಬೇಕು. ಮೆಟಾಡೇಟಾದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಇಡೀ ಕಡತದ ಪರಿಶೀಲನಾಂಕ ಬದಲಾಗುವುದರಿಂದ, ಒಕ್ಕಣೆ ಸೇರಿಸಿದ ಪ್ರತಿಗೆ ಹೊಸ ಅಂಕವನ್ನು ಬರೆದುಕೊಳ್ಳಬೇಕು. ಚಿತ್ರಭಾಗ ಮಾತ್ರ ಬದಲಾಗಿಲ್ಲವೆಂಬುದನ್ನು ಬೇರೆಯಾಗಿ ತಾಳೆನೋಡಬಹುದು. ಯಾರು ಎಂದು ಏನನ್ನು ತಿದ್ದಿದರೆಂಬ ದಿನಚರಿಯೂ ಇರಬೇಕು. ಕಡತದೊಳಗಣ ಒಕ್ಕಣೆಯು ನೋಂದಣಿ ಪುಸ್ತಕಕ್ಕೆ ಬದಲಿಯಲ್ಲ. ಎರಡೂ ಇದ್ದಾಗ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ.

ಬರೆದದ್ದು ಉಳಿಯಿತೇ ಎಂಬುದನ್ನು ಪ್ರತಿ ಸಾಗಣೆಯ ಬಳಿಕವೂ ತೆರೆದು ಓದಿ ನೋಡಬೇಕಾಗುತ್ತದೆ. ವಾಟ್ಸಾಪಿನ ಮೂಲಕ ಚಿತ್ರವಾಗಿ ಕಳುಹಿಸಿದಾಗ ಅದು ಮರುಸಂಕುಚಿತಗೊಂಡು ಎಕ್ಸಿಫ್ ವಿವರಗಳು ಕಳಚಿಹೋಗುತ್ತವೆ. ದಸ್ತಾವೇಜಿನ ರೂಪದಲ್ಲಿ ಕಳುಹಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ಕಲಾವಿದರ ಮನೆಗೆ ಚಿತ್ರಗಳನ್ನು ಹಿಂದಿರುಗಿಸುವಾಗ ಈ ಎರಡನೆಯ ದಾರಿಯನ್ನೇ ಹಿಡಿಯಬೇಕು. ಚಿತ್ರದ ಜೊತೆಗೆ ಅದರೊಳಗೆ ಬರೆದ ವಿವರಣೆಯನ್ನು ಕಾಗದದ ಮೇಲೂ ಮುದ್ರಿಸಿ ಕೊಟ್ಟರೆ, ತಮ್ಮ ಹೆಸರಿನ ಕಾಗುಣಿತವನ್ನೂ ಗುರುವಿನ ಊರನ್ನೂ ಅವರೇ ತಿದ್ದಿ ಹೇಳಲು ಸಾಧ್ಯವಾಗುತ್ತದೆ.